ಸಿಗದ ಹೃದಯ, ಸಿಕ್ಕ ಡಬ್ಬಿ

ನಾನು ಹೃದಯತಜ್ಞನಾಗಬೇಕೆಂದು ನನಗಿಂತ ಮೊದಲೇ ತೀರ್ಮಾನಿಸಿದವರು ನನ್ನ ಸೋದರಮಾವ. ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ರಜೆಯಲ್ಲಿ ಸ್ಟೆತೋಸ್ಕೋಪ್ ಹಿಡಿದುಕೊಂಡು ಊರಿಗೆ ಬಂದದ್ದೇ ಸಾಕಾಯಿತು. ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ "ನಮ್ಮ ಅಳಿಯ ಹಾರ್ಟಿನ ಡಾಕ್ಟರಾಗುತ್ತಾನೆ" ಎಂದು ಸಾರಿದರು. ಮಾವನನ್ನು ಪೂರ್ತಿ ದೂರುವಂತೆಯೂ ಇಲ್ಲ. ಕಾಸರಗೋಡಿನವರಿಗೆ ಎದೆನೋವು ಎಂದರೆ ಮಂಗಳೂರು, ಮಂಗಳೂರು ಎಂದರೆ ಐವತ್ತು ಕಿಲೋಮೀಟರ್. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಕರ್ನಾಟಕದವರು ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಆಂಬುಲೆನ್ಸುಗಳೂ ದಾರಿಯಲ್ಲೇ ನಿಂತಿದ್ದವು. ಅಂದಿನಿಂದ ನಮ್ಮ ಕುಟುಂಬದಲ್ಲಿ ಗಡಿಯ ಈಚೆಗೆ ಸ್ವಂತದ್ದೊಂದು ಹೃದಯತಜ್ಞ ಇರಬೇಕೆಂಬ ಹಟ ಗಟ್ಟಿಯಾಯಿತು. ಕೆಲವರು ತಮ್ಮ ಎದೆನೋವನ್ನು ನನ್ನ ಓದು ಮುಗಿಯುವವರೆಗೆ ತಡೆದಿಟ್ಟುಕೊಂಡಿದ್ದರೋ ಎಂಬ ಸಂಶಯ ನನಗೆ ಈಗಲೂ ಇದೆ.

ಹೃದಯದ ದಾರಿ ಉದ್ದದ್ದು. ಮೊದಲು ಜನರಲ್ ಮೆಡಿಸಿನ್‌ನಲ್ಲಿ ಮೂರು ವರ್ಷದ ಎಂ.ಡಿ., ಮತ್ತೊಂದು ಪ್ರವೇಶ ಪರೀಕ್ಷೆ, ಆಮೇಲೆ ಕಾರ್ಡಿಯಾಲಜಿಯಲ್ಲಿ ಇನ್ನೂ ಮೂರು ವರ್ಷ. ಇದಕ್ಕೆಲ್ಲ ಹೆಬ್ಬಾಗಿಲು ನೀಟ್ ಪಿಜಿ ಎಂಬ ಪ್ರವೇಶ ಪರೀಕ್ಷೆ. 200 ಪ್ರಶ್ನೆ, 800 ಅಂಕ. ಸರಿಯಾದರೆ ನಾಲ್ಕು ಸಿಗುತ್ತದೆ, ತಪ್ಪಾದರೆ ಒಂದು ಹೋಗುತ್ತದೆ. ರ‍್ಯಾಂಕ್ ಬಂತು, ಕೌನ್ಸೆಲಿಂಗ್ ಬಂತು. ಆಯ್ಕೆಪಟ್ಟಿಯಲ್ಲಿ ಮೆಡಿಸಿನ್ ಸೀಟುಗಳನ್ನೆಲ್ಲ ಮೇಲೆ ಪೇರಿಸಿ, ಕೆಳಗೆ ರೇಡಿಯಾಲಜಿ, ಮಕ್ಕಳ ವಿಭಾಗ ಎಂದು ಇಳಿಯುತ್ತಾ ಹೋಗಿ, ತಳದಲ್ಲಿ ಇರಲಿ ಎಂದು, ರಕ್ತ, ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ಪೆಥಾಲಜಿ ಹಾಕಿದ್ದೆ. ಕಂಪ್ಯೂಟರಿಗೆ ನನ್ನ ಪಟ್ಟಿಯ ಬಗ್ಗೆ ಎಷ್ಟು ಗೌರವವೆಂದರೆ ಅದನ್ನು ಕೊನೆಯ ಸಾಲಿನವರೆಗೂ ಓದಿತು. ಎರಡನೇ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೆ ಕಟ್ಟಿದ ಠೇವಣಿ ಹೋಗುತ್ತದೆ. ಅಡಿಕೆ ಮಾರಿದ ದುಡ್ಡು. ಸೇರಿದೆ.

ಹೊರಡುವ ಮೊದಲು ಬಂಧುಗಳು ಒಬ್ಬೊಬ್ಬರಾಗಿ ಮನೆಗೆ ಬಂದರು. ಉತ್ತರಕ್ರಿಯೆಗೆ ಬರುವವರ ಮುಖ. ಅಮ್ಮ ಹಲಸಿನ ಹಪ್ಪಳ ಕರಿದು ಸುಸ್ತಾದರು. ದೊಡ್ಡಮ್ಮ, "ಮುಂದಿನ ವರ್ಷ ಇನ್ನೊಮ್ಮೆ ಬರೆ, ಆರೋಗ್ಯ ಮುಖ್ಯ" ಎಂದರು. ಆ ಎರಡು ಮಾತಿಗೆ ಏನು ಸಂಬಂಧವೋ. ಭಾವ ನೇರವಾಗಿ ಕೇಳಿದರು: "ರಕ್ತ ಪರೀಕ್ಷೆ ಮಾಡಲು ಡಾಕ್ಟರೇ ಆಗಬೇಕೇ? ನಮ್ಮ ಪಕ್ಕದ ಮನೆಯ ಹುಡುಗಿ ಡಿ.ಎಂ.ಎಲ್.ಟಿ. ಎಂಬ ಲ್ಯಾಬಿನ ಡಿಪ್ಲೊಮಾ ಮಾಡಿ ಅದನ್ನೇ ಮಾಡುತ್ತಾಳಲ್ಲ ಮಾರಾಯ?" ಮಾವ ಮಾತ್ರ ಏನೂ ಹೇಳದೆ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿದರು. ಪೇಟೆಗೆ ಹೋಗಿ ಹೇಳಿದ್ದನ್ನೆಲ್ಲ ವಾಪಸು ತೆಗೆದುಕೊಳ್ಳುವ ಕಷ್ಟ ಅವರದು. ಇವರನ್ನೆಲ್ಲ ಸಮಾಧಾನಪಡಿಸುವುದರಲ್ಲಿ ನನ್ನ ದುಃಖಕ್ಕೆ ಸರಿಯಾಗಿ ಸರದಿಯೇ ಬರಲಿಲ್ಲ. ಕಾಲೇಜಿಗೆ ಹೋದ ಮೇಲೆ ಬಂತು. ಹೃದ್ರೋಗ ವಿಭಾಗದ ಮುಂದೆ ಹಾದುಹೋಗುವಾಗ ಕೆಲವು ತಿಂಗಳು ಮೊಬೈಲ್ ನೋಡುತ್ತಾ ನಡೆಯುತ್ತಿದ್ದೆ.

ಹೃದಯ ನನಗೆ ಸಿಗಲೇ ಇಲ್ಲ ಎನ್ನುವಂತಿಲ್ಲ. ಮರಣೋತ್ತರ ಪರೀಕ್ಷೆಯಿಂದ ಡಬ್ಬಿಯಲ್ಲಿ ಬರುತ್ತದೆ. ಅದರ ರಕ್ತನಾಳಗಳನ್ನು ಮಿಲಿಮೀಟರುಗಳ ಅಂತರದಲ್ಲಿ ಅಡ್ಡಡ್ಡ ಕೊಯ್ದು ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡುತ್ತೇವೆ. ಕಾರಣವನ್ನು ಇಷ್ಟು ಖಚಿತವಾಗಿ ಹೇಳುವ ಹೃದಯ ವೈದ್ಯರು ಬೇರೆ ಇಲ್ಲ. ಕೇಳಲು ರೋಗಿ ಇರುವುದಿಲ್ಲ, ಅಷ್ಟೇ.

ಡಬ್ಬಿ ಎಂದಾಗ ಅತ್ತೆಯ ಪಿತ್ತಕೋಶ ನೆನಪಾಗುತ್ತದೆ. ನಾನು ಓದು ಮುಗಿಸಿ ಊರಿನ ಕಡೆಗೇ ಕೆಲಸಕ್ಕೆ ಬಂದ ಸಮಯ. ಅತ್ತೆಗೆ ಆಪರೇಷನ್ ಆಯಿತು. ತೆಗೆದದ್ದನ್ನು ಪರೀಕ್ಷೆಗೆ ಕೊಡಿ ಎಂದು ಆಸ್ಪತ್ರೆಯವರು ಹೇಳಿದ್ದೇ ತಡ, ಮಾವ ಅದನ್ನು ಜವಳಿ ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ನೇರವಾಗಿ ನಮ್ಮ ಮನೆಗೆ ತಂದಿದ್ದರು. ನಾನು ಇರಲಿಲ್ಲ. "ಅಳಿಯ ಬಂದ ಮೇಲೆ ಕೊಡು" ಎಂದಷ್ಟೇ ಹೇಳಿ, ಅದೇ ಬಸ್ಸು ಹಿಂದೆ ಬರುವ ಹೊತ್ತಾಯಿತೆಂದು ಓಡಿದ್ದರು.

ರಾತ್ರಿ ಅಮ್ಮ, "ಮಾವ ನಿನಗೆಂದು ಏನೋ ಉಪ್ಪಿನಕಾಯಿ ತಂದಿದ್ದಾರೆ, ಫ್ರಿಜ್ಜಿನಲ್ಲಿಟ್ಟಿದ್ದೇನೆ" ಎಂದರು. ಬಾಗಿಲು ತೆರೆದರೆ ಕಣ್ಣುರಿ. ಮಿಡಿ ಉಪ್ಪಿನಕಾಯಿಯ ಬಾಟಲಿಗೂ ಮಜ್ಜಿಗೆ ಪಾತ್ರೆಗೂ ನಡುವೆ ಬಿಳಿ ಡಬ್ಬಿ, ಮೇಲೆ ಅತ್ತೆಯ ಹೆಸರು, ವಯಸ್ಸು. ಅಂಗಾಂಶ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣ ಅದರ ಹತ್ತು ಪಟ್ಟು ಇರಬೇಕೆಂಬುದು ನಿಯಮ. ಇದರಲ್ಲಿ ಪಿತ್ತಕೋಶ ಮುಳುಗುವಷ್ಟೂ ಇರಲಿಲ್ಲ, ಆದರೆ ಹಾಲಿಗೆ ವಾಸನೆ ಹಿಡಿಸುವಷ್ಟು ಧಾರಾಳವಾಗಿತ್ತು. ತಳದಲ್ಲಿ ಹಸಿರುಗಪ್ಪು ಕಲ್ಲುಗಳು, ಥೇಟ್ ಉಪ್ಪಿಗೆ ಹಾಕಿದ ಕರಂಡೆಕಾಯಿಯಂತೆ. ಅಮ್ಮನದು ತಪ್ಪೆನ್ನಲಾರೆ. ವಿಷಯ ತಿಳಿದ ಮೇಲೆ ಅವರು ಫ್ರಿಜ್ಜನ್ನು ಅಂಗಳಕ್ಕೆಳೆದು ತೊಳೆದ ರೀತಿಗೆ, ಭಟ್ಟರನ್ನು ಕರೆಸಿ ಪುಣ್ಯಾಹ ಮಾಡಿಸುವುದೊಂದು ಬಾಕಿಯಿತ್ತು.

ಮಾರನೆಯ ಬೆಳಿಗ್ಗೆಯೇ ಮಾವನ ಫೋನ್: "ರಿಪೋರ್ಟ್ ಆಯಿತೇ?" ಅಂಗಾಂಶವನ್ನು ಆಲ್ಕೋಹಾಲ್, ಕ್ಸೈಲೀನ್‌ಗಳಲ್ಲಿ ಅದ್ದಿ, ಮೇಣದಲ್ಲಿ ಹುಗಿದು, ಮೂರು ನಾಲ್ಕು ಮೈಕ್ರಾನ್ ತೆಳ್ಳಗೆ ಕೊಯ್ದು, ಬಣ್ಣ ಹಾಕಬೇಕೆಂದು ವಿವರಿಸಿದೆ. "ಇಷ್ಟೆಲ್ಲ ಯಾಕೆ, ನೀನು ಒಮ್ಮೆ ಕಣ್ಣಿನಲ್ಲಿ ನೋಡಿದರೆ ಸಾಲದೇ?" ಎಂದರು. ಕ್ಯಾನ್ಸರ್ ಇಲ್ಲ, ಹಳೆಯ ಉರಿಯೂತ ಮಾತ್ರ ಎಂದು ವರದಿ ಕೊಟ್ಟೆ. ಆಪರೇಷನ್ ಮಾಡಿದ ಡಾಕ್ಟರಿಗೆ ಕದಳಿ ಗೊನೆ ಹೋಯಿತು. ನನ್ನ ಬಗ್ಗೆ ಮಾವನ ಆಕ್ಷೇಪ ಒಂದೇ: "ಹೆಸರು ಅಷ್ಟು ಅಡಿಯಲ್ಲಿ, ಅಷ್ಟು ಸಣ್ಣಕ್ಷರದಲ್ಲಿ ಹಾಕಿದ್ದೀಯಲ್ಲ. ಯಾರಿಗೆ ತೋರಿಸುವುದು?"

ನಾನು ಈ ವಿಭಾಗಕ್ಕೆ ಮನಸೋತದ್ದು ಮಾತ್ರ ಎಡವಟ್ಟಾದ ಜಾಗದಲ್ಲಿ. ಓದುವಾಗ ಒಂದು ಸ್ಲೈಡಿನಲ್ಲಿ ಗುಲಾಬಿ ಬಣ್ಣದ, ಸುತ್ತಿನೊಳಗೆ ಸುತ್ತಾದ ಗೋಲಗಳು ಕಂಡವು. ಕೆರಾಟಿನ್ ಪರ್ಲ್ ಎನ್ನುತ್ತಾರೆ. ನೋಡಿದರೆ ಕಣ್ಣು ತೆಗೆಯಲಾಗದ ಚೆಲುವು. ಅದು ಬಾಯಿಯ ಕ್ಯಾನ್ಸರ್, ರೋಗಿ ಎಲೆಯಡಿಕೆಯ ಕವಳವನ್ನು ಒತ್ತರಿಸಿಡುತ್ತಿದ್ದ ಕೆನ್ನೆಯದೇ ತುಂಡು. ನನ್ನ ಫೀಸು ಕಟ್ಟಿದ ಬೆಳೆ ಗಾಜಿನ ಮೇಲೆ ಬೇರೆ ವೇಷದಲ್ಲಿ ಕುಳಿತಿತ್ತು.

ರಜೆಯಲ್ಲಿ ಬಂದಾಗ ಅಪ್ಪನಿಗೆ ಹೇಳಿದೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದಿದೆ. ಅಪ್ಪ ಒಣಗಿದ ಚಾಲಿ ಅಡಿಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅವರು ಗುಟ್ಕಾ ನೋಡಿ ಬರೆದಿರಬೇಕು. ನಮ್ಮ ಹಳೇ ಚಾಲಿ ನೋಡಿದ್ದಾರೆಯೇ?" ಎಂದರು. ಆದರೆ ಅಂದಿನಿಂದ ನಾನು ಎದುರಿಗಿದ್ದರೆ ಎಲೆಯ ತಟ್ಟೆ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಕನ್ನಡಿಯಲ್ಲಿ ಕೆನ್ನೆಯ ಒಳಭಾಗ ನೋಡಿಕೊಳ್ಳುವುದನ್ನೂ ಕಂಡಿದ್ದೇನೆ.

ಕಳೆದ ಮಳೆಗಾಲದಲ್ಲಿ ಅಪ್ಪನೇ ನನ್ನ ಕೆಲಸದ ಜಾಗಕ್ಕೆ ಬಂದರು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಚುಕ್ಕಿ ಬಿದ್ದ ಅಡಿಕೆ ಸೋಗೆಯ ಎಲೆಗಳು. "ನಿನ್ನ ಮೈಕ್ರೋಸ್ಕೋಪಿನಲ್ಲಿ ಇದನ್ನೊಮ್ಮೆ ನೋಡು. ತೋಟ ಇಡೀ ಹಬ್ಬುತ್ತಾ ಇದೆ." ಚುಕ್ಕಿಯನ್ನು ಕೆರೆದು ಗಾಜಿನ ಮೇಲೆ ಹಾಕಿದೆ. ಬೀಜಕಣಗಳು ಸಾಲಾಗಿ ಕಂಡವು.

"ಶಿಲೀಂಧ್ರ" ಎಂದೆ.

"ಅದು ನನಗೂ ಗೊತ್ತು. ಮದ್ದು ಯಾವುದು?"

"ಮದ್ದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ಯವರು ಹೇಳಬೇಕು. ನಾನು ರಿಪೋರ್ಟ್ ಕೊಡುತ್ತೇನೆ."

ಅಪ್ಪ ಎಲೆಗಳನ್ನು ಮತ್ತೆ ತೊಟ್ಟೆಗೆ ತುಂಬಿದರು. "ಕೊಡು. ಹೆಸರು ಮಾತ್ರ ಮೇಲೆ, ದೊಡ್ಡಕ್ಷರದಲ್ಲಿ ಹಾಕು. ಹೋಗುವಾಗ ಮಾವನಲ್ಲಿ ಇಳಿದು ಹೋಗುತ್ತೇನೆ."