ಎರಡನೆಯ ದಿಂಬು

ಲಾಡ್ಜಿನ ಕೌಂಟರಿನ ಮುಂದೆ ಒಬ್ಬನೇ ನಿಂತವನನ್ನು ನೋಡುವ ನೋಟವೇ ಬೇರೆ. 2024ರ ಏಪ್ರಿಲ್‌ನಲ್ಲಿ, ಮಸ್ಕಿಯ ಅಶೋಕನ ಶಾಸನವನ್ನು ನೋಡಬೇಕೆಂಬ ಬಹುದಿನದ ಆಸೆಯಿಂದ ರಾಯಚೂರಿಗೆ ಬಂದಿಳಿದು, ಪೇಟೆಯ ಒಂದು ಲಾಡ್ಜಿನ ಮೆಟ್ಟಿಲು ಹತ್ತಿದಾಗ ಅಲ್ಲಿದ್ದಾತ ಕೇಳಿದ ಮೊದಲ ಪ್ರಶ್ನೆ, "ಒಬ್ರೇ ಏನ್ರೀ?" ಹೌದೆಂದೆ. ಆತ ನನ್ನ ಮಾತನ್ನು ನಂಬದೆ ನನ್ನ ಭುಜದಾಚೆ ಬಾಗಿಲಿನತ್ತ ಒಮ್ಮೆ ಕಣ್ಣು ಹಾಯಿಸಿದ. ಆಧಾರ್ ಕಾರ್ಡಿನ ಝೆರಾಕ್ಸ್ ತೆಗೆದುಕೊಂಡು, ಯಾಕೆ ಬಂದದ್ದು, ಊರಲ್ಲಿ ಪರಿಚಯದವರು ಇದ್ದಾರೆಯೇ, ಮನೆಯವರ ನಂಬರ್ ಯಾವುದು ಎಂದೆಲ್ಲ ವಿಚಾರಿಸಿದ. ಅವನನ್ನು ದೂರುವಂತಿಲ್ಲ, ಒಂಟಿಯಾಗಿ ಬಂದವನು ಬಾಗಿಲು ಹಾಕಿಕೊಂಡು ಏನಾದರೂ ಮಾಡಿಕೊಂಡರೆ ಪೊಲೀಸ್ ಠಾಣೆಗೆ ಅಲೆಯಬೇಕಾದವನು ಅವನೇ. ಆದರೆ ಶಾಸನ ನೋಡಲು ಬಂದೆನೆಂದು ಹೇಳಿದ ಮೇಲೆ ಅವನ ಅನುಮಾನ ಇನ್ನಷ್ಟು ಬಲವಾದದ್ದು ಮಾತ್ರ ನನಗೆ ಬೇಸರ ತಂದಿತು.

ಸಿಂಗಲ್ ರೂಮು ಇರಲಿಲ್ಲ. ಡಬಲ್ ರೂಮಿಗೆ 900 ರೂಪಾಯಿ. ಗೋಡೆಯ ಮೇಲಿನ ಎ.ಸಿ. ತಿರುಗಬೇಕಾದರೆ ರಿಮೋಟಿಗೆ 400 ರೂಪಾಯಿ ಬೇರೆ. ನಾಡಿಗೆಲ್ಲ ಕರೆಂಟು ಕೊಡುವ ಶಕ್ತಿನಗರದ 1720 ಮೆಗಾವ್ಯಾಟ್ ಸ್ಥಾವರ ಪಕ್ಕದಲ್ಲೇ ಇರುವ ಊರಿನಲ್ಲಿ ತಣ್ಣನೆಯ ಗಾಳಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿರುವುದನ್ನು ಕಂಡು ನಗು ಬಂದರೂ, ಹೊರಗಿನ ಬಿಸಿಲನ್ನು ನೆನೆದು ತೆತ್ತೆ. ಅದರ ಮೇಲೆ ನೂರಕ್ಕೆ 12ರಂತೆ ಜಿಎಸ್‌ಟಿ, 156 ರೂಪಾಯಿ. ಸಾವಿರದೊಳಗಿನ ಕೋಣೆಗಳಿಗೂ 2022ರ ಜುಲೈನಿಂದ ಈ ತೆರಿಗೆ ಬಿದ್ದಿತ್ತು. ಈಗ ಅದು 5ಕ್ಕೆ ಇಳಿದಿದೆ. ತೆರಿಗೆಯ ಬಗ್ಗೆ ನನ್ನ ತಕರಾರಿರಲಿಲ್ಲ, ಆದರೆ ಕೈಗೆ ಬಂದ ಚೀಟಿಯ ಮೇಲೆ ಜಿಎಸ್‌ಟಿ ನಂಬರೇ ಇರಲಿಲ್ಲ. ಕೇಳಿದರೆ, "ಪ್ರಿಂಟರ್ ಕೆಟ್ಟದ್ರೀ" ಎಂಬ ಉತ್ತರ ಬಂದಿತು.

ಬಾಗಿಲಿನ ಒಳಮೈಗೆ ಅಂಟಿಸಿದ್ದ ನಿಯಮಾವಳಿಯನ್ನು ಮಲಗಿಕೊಂಡೇ ಓದಿದೆ. ಹೊರಗಿನ ಊಟ ತರಬಾರದು, ಬಟ್ಟೆ ಒಗೆಯಬಾರದು, ಭೇಟಿಗೆ ಬಂದವರನ್ನು ಕೋಣೆಗೆ ಕರೆತರಬಾರದು, ಬಿಸಿನೀರು ಬೆಳಿಗ್ಗೆ 6ರಿಂದ 8ರವರೆಗೆ ಮಾತ್ರ. ಈ ಕೊನೆಯದನ್ನು ಬರೆದವರು ಏಪ್ರಿಲ್ ತಿಂಗಳಲ್ಲಿ ಬರೆದಿರಲಾರರು. ಮಧ್ಯಾಹ್ನ ಮೂರು ಗಂಟೆಗೆ ಕೈ ತೊಳೆಯಲು ನಲ್ಲಿ ತಿರುಗಿಸಿದರೆ, ತಾರಸಿಯ ಟ್ಯಾಂಕಿನಲ್ಲಿ ಕುದ್ದ ನೀರು ಯಾವ ಗೀಸರಿನ ಹಂಗೂ ಇಲ್ಲದೆ, ಯಾವ ಶುಲ್ಕವೂ ಇಲ್ಲದೆ, ಚರ್ಮ ಸುಡುವಷ್ಟು ಬಿಸಿಯಾಗಿ ಬಂದಿತು. ಆ ಲಾಡ್ಜಿನಲ್ಲಿ ನನಗೆ ಪುಕ್ಕಟೆಯಾಗಿ ದೊರೆತದ್ದು ಅದೊಂದೇ. ಮಂಚದ ಮೇಲೆ ಎರಡು ದಿಂಬುಗಳಿದ್ದವು, ಟವೆಲ್ ಒಂದೇ ಇತ್ತು. ಇನ್ನೊಂದು ಕೇಳಿದಾಗ ರೂಮ್ ಬಾಯ್ ಸಂಕೋಚದಿಂದಲೇ, ಇಪ್ಪತ್ತು ರೂಪಾಯಿ ಆಗುತ್ತದೆಂದ.

ಸಂಜೆ, ಇಲ್ಲಿಯೇ ಮೇಷ್ಟರಾಗಿರುವ ಹಳೆಯ ಗೆಳೆಯ ಸ್ಟೀಲ್ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಹಿಡಿದು ಬಂದ. ಅವನನ್ನು ಕೆಳಗೇ ತಡೆದರು. "ಮ್ಯಾಲೆ ಬಿಡಂಗಿಲ್ರೀ, ರೂಲ್ಸ್ ಅದ." ಗೆಳೆಯ ಸುಮ್ಮನಿರುವ ಪೈಕಿಯಲ್ಲ.

"ಇವನ ಹತ್ರ ಎಷ್ಟು ಮಂದಿ ರೊಕ್ಕ ತಗೊಂಡೀರಿ?"

"ಡಬಲ್ ರೂಮಿಂದ್ರೀ."

"ಹಂಗಾರ ಆ ಎರಡನೇದವ ನಾನೇ ಅಂತ ತಿಳಕೊಳ್ರಿ."

"ಇಬ್ರಾದ್ರ ಎಕ್ಸ್‌ಟ್ರಾ ಪರ್ಸನ್ ಚಾರ್ಜ್ ಆಗ್ತದ್ರೀ."

ಇಬ್ಬರ ಬಾಡಿಗೆ ಕೊಟ್ಟ ಕೋಣೆಯಲ್ಲಿ ಎರಡನೆಯವನು ಹೆಚ್ಚುವರಿಯಾಗುವ ಈ ಲೆಕ್ಕ ಗಣಿತದ ಮೇಷ್ಟರಿಗೂ ಬಗೆಹರಿಯಲಿಲ್ಲ. ಹೊರಗಿನ ಊಟವೂ ನಿಷಿದ್ಧವಾದುದರಿಂದ (ಲಾಡ್ಜಿನೊಳಗೆ ಒಂದು ಚಹಾ ಕೂಡ ಸಿಗುತ್ತಿರಲಿಲ್ಲವೆಂಬುದು ಬೇರೆ ಮಾತು) ನಾವಿಬ್ಬರೂ ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕುಳಿತು, ಡಬ್ಬಿಯ ಮುಚ್ಚಳವನ್ನೇ ತಟ್ಟೆ ಮಾಡಿಕೊಂಡು ತಿಂದೆವು. ತಲೆಯ ಮೇಲೆ ಎ.ಸಿ.ಯ ನೀರು ತೊಟ್ಟಿಕ್ಕುತ್ತಿತ್ತು. ನನ್ನದೇ ಕೋಣೆಯದು, ಆರಿಸದೆ ಬಂದಿದ್ದೆ. ಆರಿಸಲು ಮನಸ್ಸೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಬಸ್ಸು ಹಿಡಿದು ಮಸ್ಕಿಗೆ ಹೋದೆ. 1915ರಲ್ಲಿ ಚಿನ್ನದ ಗಣಿ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಈ ಬಂಡೆಯ ಮೇಲೆ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಇದ್ದುದರಿಂದಲೇ ಆ ಬಿರುದು ಯಾರದೆಂಬುದು ಖಚಿತವಾಯಿತು. ಬಂಡೆಯ ಮುಂದೆ ನಿಂತವನಿಗೆ ನೆನಪಾದದ್ದು ಮಾತ್ರ ಅದೇ ದೊರೆಯ ಇನ್ನೊಂದು ಶಾಸನ. ಈಗ ದೆಹಲಿಯಲ್ಲಿರುವ ಕಂಬವೊಂದರ ಮೇಲೆ ಆತ, ದಾರಿಯುದ್ದಕ್ಕೂ ನೆರಳಿಗೆಂದು ಆಲದ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು, ತಂಗುದಾಣಗಳನ್ನು ಕಟ್ಟಿಸಿದ್ದನ್ನು ಬರೆಸಿದ್ದಾನೆ. ಒಬ್ಬರೇ ಬಂದರೆ ಏನು ಮಾಡಬೇಕೆಂಬುದರ ಬಗ್ಗೆ ಅಲ್ಲಿ ಚಕಾರವಿಲ್ಲ.

ಮಧ್ಯಾಹ್ನ ಹಿಂತಿರುಗಿ ಕೋಣೆ ಬಿಡುವಾಗ ರಿಮೋಟನ್ನು ಕೌಂಟರಿನ ಮೇಲಿಟ್ಟೆ. ಅಡ್ವಾನ್ಸು ವಾಪಸು ಕೊಡುವ ಮುಂಚೆ ಆತ ರೂಮ್ ಬಾಯ್‌ನನ್ನು ಮೇಲಕ್ಕೆ ಅಟ್ಟಿದ. ಟವೆಲ್, ಬಕೆಟ್ಟು, ಮಗ್ಗು ಎಲ್ಲವನ್ನೂ ಎಣಿಸಿದ ಹುಡುಗ, ನಾನು ತಲೆಯಿಡದ, ಮಡಿಕೆಯೂ ಕೆಡದ ಆ ಇನ್ನೊಂದನ್ನೂ ಸೇರಿಸಿ ಮಹಡಿಯಿಂದಲೇ ಕೂಗಿ ಹೇಳಿದ: "ದಿಂಬು ಎರಡೂ ಅದಾವ್ರೀ!"