ಕೂಡಿಟ್ಟ ರೊಕ್ಕ, ಹಸಿರು ಟ್ರಂಕು

ಡಿಗ್ರಿ ಕೊನೇ ವರ್ಷ ಶುರುವಾಗೋ ಹೊತ್ತಿಗೇ ಎಂ.ಎ.ಗೆ ಕಲಬುರಗಿಗೆ ಹೋಗೋದು ಅಂತ ನಿರ್ಧಾರ ಆಗಿತ್ತು. ನಿರ್ಧಾರ ಮಾಡಿದ್ದು ನಾನು ಮತ್ತು ಅವ್ವ. ಅಪ್ಪನಿಗೆ ಆಮೇಲೆ ಹೇಳಿದರಾಯ್ತು ಅಂತ ಬಿಟ್ಟಿದ್ದೆವು.

ನಮ್ಮದು ಸೇಡಂ ಹತ್ತಿರದ ಹಳ್ಳಿ. ಸಂಜೆ ಓಣಿ ಹುಡುಗರಿಗೆ ಟ್ಯೂಷನ್ ಹೇಳುತ್ತಿದ್ದೆ, ರಾತ್ರಿ ಸೀರೆಗೆ ಫಾಲ್ ಹಚ್ಚುತ್ತಿದ್ದೆ. ಟ್ಯೂಷನ್ ಫೀಸು ಎಲ್ಲರೂ ರೊಕ್ಕದಲ್ಲೇ ಕೊಡ್ತಾರೆ ಅಂದುಕೊಳ್ಳಬೇಡಿ. ಒಬ್ಬರು ಹಸಿಮೆಣಸಿನಕಾಯಿ ಕೊಟ್ಟರು, ಇನ್ನೊಬ್ಬರು ಬರೀ ಆಶೀರ್ವಾದ. ಆದರೂ ತಿಂಗಳಿಗೆ ಒಂದಿಷ್ಟು ಉಳಿಯುತ್ತಿತ್ತು. ಅವ್ವನ ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲೂ ಒಂದು ಪಾಲು ನನ್ನ ಕಡೆ ಬರುತ್ತಿತ್ತು.

ರೊಕ್ಕ ಕೂಡಿಡೋದು ಕಷ್ಟ ಅಂತಾರೆ. ಸುಳ್ಳು. ಕೂಡಿಟ್ಟಿದ್ದು ಮಂದಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳೋದು ಕಷ್ಟ.

ಬ್ಯಾಂಕಿಗೆ ಹಾಕಬಹುದಿತ್ತಲ್ವಾ ಅಂತೀರಿ. ನನ್ನ ಖಾತೆ ತೆರೆದಿದ್ದು ಹೈಸ್ಕೂಲಿನಲ್ಲಿ, ಸ್ಕಾಲರ್‌ಶಿಪ್ ಸಲುವಾಗಿ, ಅದಕ್ಕೆ ಕೊಟ್ಟಿದ್ದು ಅಪ್ಪನ ಫೋನ್ ನಂಬರ್. ನಾನು ನೂರು ರೂಪಾಯಿ ಹಾಕಿದರೂ ಹೊಲದಲ್ಲಿ ನಿಂತ ಅಪ್ಪನ ಕಿಸೆ ಟಣ್ ಅನ್ನುತ್ತೆ. ಪೋಸ್ಟಾಫೀಸಿನ ಆರ್‌ಡಿ ವಿಚಾರಿಸಿದೆ. ತಿಂಗಳಿಗೆ 100 ರೂಪಾಯಿಯಿಂದಲೇ ಶುರು ಮಾಡಬಹುದು, ಒಳ್ಳೇದೇ. ಆದರೆ ಅದು ಐದು ವರ್ಷದ್ದು, ಎಷ್ಟೇ ಅವಸರ ಇದ್ದರೂ ಮೂರು ವರ್ಷ ತುಂಬೋ ತನಕ ಮುಚ್ಚಿಸೋಕೆ ಬರಲ್ಲ. ಅಷ್ಟರಲ್ಲಿ ನನ್ನ ಎಂ.ಎ.ನೇ ಮುಗಿದಿರುತ್ತೆ.

ಕೊನೆಗೆ ಅವ್ವ ತೋರಿಸಿದ ಜಾಗ ತೊಗರಿಬೇಳೆ ಡಬ್ಬಿ. ನೋಟುಗಳನ್ನು ಕ್ಯಾರಿಬ್ಯಾಗಿನಲ್ಲಿ ಸುತ್ತಿ ತಳದಲ್ಲಿಟ್ಟು ಮೇಲೆ ಬೇಳೆ ಸುರಿದೆವು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಎಲ್ಲರಿಗೂ ಹೆಮ್ಮೆ. ನಮ್ಮ ಡಬ್ಬಿಯ ತೊಗರಿಗೆ ಅದರ ಮೇಲೆ ಡಿಪಾಸಿಟ್ಟೂ ಇತ್ತು.

ಇದು ಆಯಿಗೆ ಗೊತ್ತಿರಲಿಲ್ಲ. ಆಯಿ ಅಂದರೆ ಅಪ್ಪನ ಅವ್ವ, ಮನೆಗೆ ಬಂದವರನ್ನು ಖಾಲಿ ಕೈಯಲ್ಲಿ ಕಳಿಸಿದವಳೇ ಅಲ್ಲ. ಒಂದಿನ ನಾವಿಬ್ಬರೂ ಮನೆಯಲ್ಲಿ ಇಲ್ಲದಾಗ ಪಕ್ಕದ ಮನೆ ಚಿಗವ್ವ ಒಂದು ಸೇರು ಬೇಳೆ ಕಡ ಕೇಳಿದ್ದಾಳೆ. ಅಳೆಯೋಕೆ ಆಯಿಗೆ ಬೇಜಾರು. ಡಬ್ಬಿಯನ್ನೇ ಅವಳ ಸೆರಗಿಗೆ ಬೋರಲು ಹಾಕಿದ್ದಾಳೆ.

ಚಿಗವ್ವ ಪ್ರಾಮಾಣಿಕಳು. ಅದೇ ಆಗಿದ್ದು ತೊಂದರೆ. ಮರುದಿನ ಬೆಳಿಗ್ಗೆ ಅಪ್ಪ, ಕಾಕಾ, ಊರಿನ ಇನ್ನಿಬ್ಬರು ಹಿರಿಯರು ಕಟ್ಟೆ ಮೇಲೆ ಚಾ ಕುಡಿಯುತ್ತಾ ಕೂತಿದ್ದಾಗ ಸೀದಾ ಬಂದು, "ಬೇಳಿ ಚಲೋ ಅದರಿ ಅಣ್ಣಾ, ಆದ್ರ ಅದರಾಗ ಇದೂ ಬಂದಾದ ನೋಡ್ರಿ" ಅಂತ ಕ್ಯಾರಿಬ್ಯಾಗ್ ಬಿಚ್ಚಿ ಎಲ್ಲರೆದುರು ಎಣಿಸಿಯೇ ಕೊಟ್ಟಳು. ಒಂದು ರೂಪಾಯಿ ಕಮ್ಮಿ ಇರಲಿಲ್ಲ. ಅಪ್ಪ ಅವ್ವನ ಕಡೆ ನೋಡಿದ. ಅವ್ವ ನನ್ನ ಕಡೆ ನೋಡಿದಳು. ನಾನು ಆಕಳ ಕಡೆ ನೋಡಿದೆ.

ಎಂ.ಎ. ವಿಷಯ ಅಪ್ಪನೆದುರು ಬಾಯಿ ಬಿಡಲೇಬೇಕಾಯ್ತು. ಅಂದಿನಿಂದ ನಾನು ಊರಿನ ಸೊಸೈಟಿ ಆದೆ. ಅಪ್ಪನಿಗೆ ಡಿಎಪಿ ಗೊಬ್ಬರದ ಚೀಲಕ್ಕೆ ಬೇಕಾಯ್ತು, ಕಾಕಾನಿಗೆ ಮೊಬೈಲಿನ ಡಿಸ್‌ಪ್ಲೇ ಹಾಕಿಸೋಕೆ. ಚಿಗವ್ವನೂ ಸ್ವಲ್ಪ ಕೇಳಿದಳು. ಅವಳಿಗೆ ಹೇಗೆ ಇಲ್ಲ ಅನ್ನೋದು, ತಂದು ಕೊಟ್ಟವಳೇ ಅವಳಲ್ವಾ? ಎಲ್ಲರದ್ದೂ ಒಂದೇ ಮಾತು: "ತೊಗರಿ ಮಾರಿದ ಮ್ಯಾಲ ಕೊಡ್ತೀನಿ." ಜೂನ್‌ನಲ್ಲಿ ಬಿತ್ತಿದ ತೊಗರಿ ರಾಶಿ ಆಗೋದು ಡಿಸೆಂಬರ್, ಜನವರಿಗೆ. ಅಲ್ಲಿ ತನಕ ನನ್ನ ಉಳಿತಾಯ ಪೂರ್ತಿ ಹೊಲದಲ್ಲೇ ನಿಂತಿತ್ತು. ಮಳೆ ಬಂದರೆ ಖುಷಿ, ಜಾಸ್ತಿ ಬಂದರೆ ನೆಟೆ ರೋಗದ ಭಯ.

ಅಪ್ಪ ಮಾತಿಗೆ ತಪ್ಪಲಿಲ್ಲ. ತೊಗರಿ ಮಾರಿದ ಮೇಲೆ ತಂದ. ಆದರೆ ರೊಕ್ಕ ಅಲ್ಲ, ಟ್ರಂಕ್ ತಂದ. ದಪ್ಪ ತಗಡಿನ ದೊಡ್ಡ ಹಸಿರು ಟ್ರಂಕು, ಎರಡೂ ಕಡೆ ಹಿಡಿಕೆ, ಒಳಗೆ ಕನ್ನಡಿ ಬೇರೆ. ಮುಚ್ಚಳದ ಮೇಲೆ ಪೇಂಟರ್ ಕೈಯಲ್ಲಿ ಹಳದಿ ಬಣ್ಣದಲ್ಲಿ ನನ್ನ ಹೆಸರು, ಅದರ ಕೆಳಗೆ "ಎಂ.ಎ. ಎಕನಾಮಿಕ್ಸ್" ಅಂತ ಬರೆಸಿದ್ದ. ಅರ್ಜಿನೇ ಕರೆದಿರಲಿಲ್ಲ! ಮೇಲಾಗಿ ನನಗೆ ಬೇಕಾಗಿದ್ದು ಇತಿಹಾಸ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ಬಸ್ಸಿನ ದಾರಿಯಲ್ಲೇ ಬರುತ್ತೆ, ಆ ಕೋಟೆ ನೋಡುತ್ತಲೇ ಬೆಳೆದವಳು ನಾನು. "ಎಕನಾಮಿಕ್ಸ್ ಅಂದ್ರ ರೊಕ್ಕದ ಓದು, ನಿನಗ ಅದೇ ಸರಿ" ಅಂದ ಅಪ್ಪ. ಅಷ್ಟೂ ರೊಕ್ಕ ಟ್ರಂಕಾಗಿ ಎದುರಿಗೆ ಕೂತಿದ್ದಾಗ ಏನು ವಾದ ಮಾಡೋದು?

ನಡುವೆ 371ಜೆ ಸರ್ಟಿಫಿಕೇಟಿನ ಓಡಾಟ. ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಶೇ. 70ರಷ್ಟು ಸೀಟು ಈ ಭಾಗದವರಿಗೇ ಮೀಸಲು. ಈ ಭಾಗದವರು ಅನ್ನೋದಕ್ಕೆ ಕಾಗದ ಬೇಕು. ಆಯಿಗೆ ಇದು ಎಷ್ಟು ಹೇಳಿದರೂ ತಿಳಿಯಲಿಲ್ಲ. "ನಾವು ಎಲ್ಲಿಂದರ ಬಂದೀವೇನು? ಆ ಸಾಹೇಬನ್ನೇ ಕೇಳು, ಅಂವ ಎಲ್ಲಿಂದ ಬಂದಾನಂತ!" ಫೋಟೋ, ಝೆರಾಕ್ಸು, ಆಟೋ ಸೇರಿ ಆ ತಿಂಗಳ ಫಾಲ್ ಹಚ್ಚಿದ ರೊಕ್ಕ ಅಲ್ಲೇ ಕರಗಿತು. ಸೀಟು ಸಿಕ್ಕಿತು. ಇತಿಹಾಸವೇ.

ಹೊರಟ ದಿನ ಟ್ರಂಕನ್ನು ಬಸ್ಸಿಗೆ ಹತ್ತಿಸೋಕೆ ಅರ್ಧ ಊರು ಬಂತು. ಒಳಗೆ ಪುಸ್ತಕ ಕಮ್ಮಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಉಪ್ಪಿನಕಾಯಿ, ಎರಡು ಚಾದರ, ಹಾಸ್ಟೆಲಿನಲ್ಲಿ ಬೇಳೆ ಸಿಗಲ್ಲವೇನೋ ಅಂತ ಬೇಳೆ. ಶಕ್ತಿ ಯೋಜನೆ ಇದ್ದಿದ್ದರಿಂದ ನನಗೆ ಝೀರೋ ಟಿಕೆಟ್. ಕಂಡಕ್ಟರ್ ಟ್ರಂಕನ್ನು ಒಮ್ಮೆ ಅಲ್ಲಾಡಿಸಿ ನೋಡಿ, 30 ಕಿಲೋ ದಾಟಿದೆ, ಲಗೇಜ್ ತಗೋಬೇಕು ಅಂದ. ಅಪ್ಪ ಚೌಕಾಸಿಗೆ ಇಳಿದ. ಕಂಡಕ್ಟರ್ ಮುಚ್ಚಳ ಓದಿ, "ಎಕನಾಮಿಕ್ಸ್ ಓದೋರೇ ಹಿಂಗಂದ್ರ ಸರ್ಕಾರ ಹ್ಯಾಂಗ ನಡೀಬೇಕು ಯಜಮಾನ್ರೇ?" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಹೀಗೆ ನಾನು ಪುಕ್ಕಟೆ, ನನ್ನ ಟ್ರಂಕು ಟಿಕೆಟ್ ತಗೊಂಡು ಯೂನಿವರ್ಸಿಟಿಗೆ ಹೋದೆವು.

ಬಸ್ಸು ಬಿಡೋ ಮುಂಚೆ ಆಯಿ ತನ್ನ ಎಲೆಅಡಿಕೆ ಸಂಚಿಯಿಂದ ಒಂದು ನೋಟು ತೆಗೆದು ನನ್ನ ಮುಷ್ಟಿಯಲ್ಲಿಟ್ಟಳು. "ಯಾರಿಗೂ ಹೇಳಬ್ಯಾಡ, ಒಂದು ಚಲೋ ಬ್ಯಾಗ್ ತಗೋ." ಎಂಟು ಮಡಿಕೆ, ತಂಬಾಕಿನ ವಾಸನೆ. ಮಳಖೇಡ ದಾಟಿದ ಮೇಲೆ ಬಿಚ್ಚಿ ನೋಡಿದರೆ ಗುಲಾಬಿ ಬಣ್ಣದ ಎರಡು ಸಾವಿರದ ನೋಟು.

2023ರ ಮೇ 19ಕ್ಕೇ ಅದನ್ನು ಚಲಾವಣೆಯಿಂದ ವಾಪಸ್ ತಗೋತೀವಿ ಅಂತ ಹೇಳಿಯಾಗಿತ್ತು. ಬ್ಯಾಂಕಿನಲ್ಲಿ ಬದಲಿಸೋ ಅವಕಾಶ ಅದೇ ಅಕ್ಟೋಬರ್ 7ಕ್ಕೆ ಮುಗಿದಿತ್ತು. ಈಗೇನಿದ್ದರೂ ರಿಸರ್ವ್ ಬ್ಯಾಂಕಿನ ಬೆಂಗಳೂರು ಕಚೇರಿಗೇ ಹೋಗಬೇಕು. ಹೋಗಿ ಬರೋ ಖರ್ಚು ತೆಗೆದರೆ ಬ್ಯಾಗಲ್ಲ, ಬ್ಯಾಗಿನ ಜಿಪ್ಪೂ ಬರಲ್ಲ. ಅಂಚೆಯಲ್ಲೂ ಕಳಿಸಬಹುದಂತೆ, ರೊಕ್ಕ ಸೀದಾ ಖಾತೆಗೆ ಬರುತ್ತಂತೆ. ಖಾತೆಗೆ ಬಂದರೆ ಟಣ್ ಅನ್ನೋದು ಯಾರ ಕಿಸೆ ಅಂತ ಗೊತ್ತಲ್ಲ.

ಆಯಿಗೆ ಇದನ್ನು ಹೇಳೋ ಧೈರ್ಯ ಯಾರಿಗೂ ಇಲ್ಲ. ಅವಳು ಕೇಳಿದಾಗೆಲ್ಲ ಅವ್ವ, "ತಗೊಂಡಾಳ, ಭಾರೀ ಚಂದ ಅದ" ಅಂತ ಹೇಳಿ ಹೇಳಿ ಆ ಬ್ಯಾಗಿಗೆ ಈಗ ನೀಲಿ ಬಣ್ಣ, ಮೂರು ಖಾನೆ, ನೀರಿನ ಬಾಟಲಿ ಇಡೋ ಜಾಗ ಎಲ್ಲಾ ಬಂದಿದೆ. ಸಂಕ್ರಾಂತಿಗೆ ಬರುವಾಗ ತಂದು ತೋರಿಸಬೇಕಂತೆ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರು ಪೂರ್ತಿ ಸುತ್ತಿದೆ, ಅಂಥದ್ದೇ ಒಂದು ಸಿಕ್ಕಿತು ಕೂಡ, ರೇಟು ಕೇಳಿ ಮಿರ್ಚಿ ಭಜಿ, ಸುಸಲಾ ತಿಂದು ವಾಪಸ್ ಬಂದೆ. ಅದೃಷ್ಟಕ್ಕೆ ರೂಮಿನಲ್ಲಿರೋ ಬೀದರ್ ಹುಡುಗಿ ಹತ್ತಿರ ನೀಲಿ ಬ್ಯಾಗ್ ಇದೆ. ಖಾನೆ ಎರಡೇ, ಆದರೆ ಆಯಿಗೆ ಕಣ್ಣು ಅಷ್ಟಕ್ಕಷ್ಟೇ. ಸಂಕ್ರಾಂತಿಗೆ ಕೊಡೋಕೆ ಒಪ್ಪಿದ್ದಾಳೆ. ಬಾಡಿಗೆ ಒಂದು ಡಬ್ಬಿ ಶೇಂಗಾ ಹಿಂಡಿ, ಅದೂ ಅಡ್ವಾನ್ಸು.