ಜೇಬಿಗೂ ಆಗಲ್ಲ, ಕಣ್ಣಿಗೂ ಆಗಲ್ಲ
ದೊಡ್ಡ ಫೋನ್ ತೆಗೆದುಕೊಳ್ಳಲಾ, ಚಿಕ್ಕ ಟ್ಯಾಬ್ಲೆಟ್ ತೆಗೆದುಕೊಳ್ಳಲಾ ಅಂತ ಎರಡು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಈಗಿರುವ 6.8 ಇಂಚಿನ ಫೋನ್ ಹೆಸರಿಗಷ್ಟೇ ದೊಡ್ಡದು. ಇಂಚು ಅಳೆಯೋದು ಮೂಲೆಯಿಂದ ಮೂಲೆಗೆ ಅಲ್ವಾ, ಪರದೆ ಪಡವಲಕಾಯಿ ಥರ ಉದ್ದಕ್ಕೆ ಬೆಳೆದಿದೆ, ಅಗಲವೇ ಇಲ್ಲ, ಪಿಡಿಎಫ್ ತೆರೆದರೆ ಒಂದೊಂದು ಸಾಲಿಗೂ ಎಡಕ್ಕೆ ಬಲಕ್ಕೆ ಎಳೆದಾಡಬೇಕು. 8 ಇಂಚಿನ ಟ್ಯಾಬ್ಲೆಟ್‌ನಲ್ಲಿ ಜಾಗ ಒಂದೂವರೆ ಪಟ್ಟಿಗಿಂತ ಜಾಸ್ತಿ. ಸರಿ, ಅದೇ ಇರಲಿ ಅಂದರೆ ಜೇಬಿಗೆ ಹೋಗಲ್ಲ, ಎಷ್ಟೋ ಟ್ಯಾಬ್ಲೆಟ್‌ಗಳಲ್ಲಿ ಸಿಮ್ ಹಾಕುವ ಜಾಗವೂ ಇಲ್ಲ.

ಫೋನನ್ನು ಕಿರುಬೆರಳ ಮೇಲೆ ಕೂರಿಸಿ ಕೂರಿಸಿ ಅಲ್ಲೊಂದು ಗುಳಿ ಬಿದ್ದಿದೆ. ಮಲಗಿ ಓದುವಾಗ ನಿದ್ದೆ ಹತ್ತಿದರೆ ನೇರ ಮೂಗಿನ ಮೇಲೆ! (2011ರಲ್ಲಿ 5.3 ಇಂಚಿನ ಗ್ಯಾಲಕ್ಸಿ ನೋಟ್ ಫೋನ್ ನೋಡಿ ಇಷ್ಟು ದೊಡ್ಡದಾ ಅಂತ ನಕ್ಕವನು ನಾನೇ.) ಎರಡೂ ತಗೋ ಅಂತಾರೆ ಸುಮ್ನೆ. ದಿನಾ ಎರಡಕ್ಕೂ ಚಾರ್ಜ್ ಹಾಕೋದು ಯಾರು?